ರೇವಲ್ಚಿನ್ನಿಯ ಕೆಂಪು

ಮುದುಕ ದೋವ್ ಚೆಂಗ್‌ಯೆ ಸತ್ತಿದ್ದಾನೆಂದು ಗೊತ್ತಾದದ್ದು ಗುರುವಾರ ಬೆಳಿಗ್ಗೆ ಏಳಕ್ಕೆ. ಏಳೂವರೆಯ ಹೊತ್ತಿಗೆ ಮಿಯಾವ್ ವೈದ್ಯರ ಅಂಗಡಿಯ ಗಾಜು ಪುಡಿಯಾಗಿತ್ತು.

ಸಬ್‌ಇನ್‌ಸ್ಪೆಕ್ಟರ್ ಜಿಯಾ ರುಯಿಲಾನ್ ಬಂದಾಗ ಓಣಿಯಲ್ಲಿ ಐವತ್ತು ಜನ. ವೈದ್ಯರು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದರು.

"ನಿನ್ನೆಯೆಲ್ಲ ಭೇದಿ ಆಗಿ ಸತ್ತಿದಾನೆ ಮುದುಕ. ವೈದ್ಯ ಹಸಿ ಬೇರು ಕೊಟ್ಟು ಕೊಂದ್ಬಿಟ್ಟ," ಯಾರೋ ಕೂಗಿದರು. "ಬೇಯಿಸಿದ್ದು ಯಾವುದು, ಹಸೀದು ಯಾವುದು ಅಂತ ಕಣ್ಣಿಗೆ ಕಾಣ್ಸಲ್ವಂತೆ ಈಗ."

ಆ ಊರಲ್ಲಿ ಈ ಮಾತು ಸಣ್ಣದಲ್ಲ. ದಕ್ಷಿಣ ಗಾನ್ಸುವಿನ ಆ ಕಣಿವೆಯಲ್ಲಿ ಜನ ಬಿತ್ತುವುದು, ಅಗೆಯುವುದು, ಒಣಗಿಸುವುದು ಎಲ್ಲ ರೇವಲ್ಚಿನ್ನಿ ಎಂಬ ಮದ್ದಿನ ಬೇರನ್ನೇ. ಅಕ್ಟೋಬರ್ ಬಂತೆಂದರೆ ಪ್ರತಿ ಮನೆಯ ಸೂರಿನಡಿ ಬೇರಿನ ತುಂಡುಗಳು ದಾರದಲ್ಲಿ ತೂಗುತ್ತವೆ. ಹಸಿ ಬೇರು ಹೊಟ್ಟೆಯನ್ನು ತೊಳೆದುಹಾಕುತ್ತದೆ. ಮದ್ಯದಲ್ಲಿ ನೆನೆಸಿ ಹಬೆಯಲ್ಲಿ ಬೇಯಿಸಿದರೆ ಕಪ್ಪಾಗಿ, ಮೆತ್ತಗಾಗಿ, ನಿಶ್ಶಕ್ತರಿಗೂ ಕೊಡುವಂಥ ಮದ್ದಾಗುತ್ತದೆ. ರುಯಿಲಾನ್ ಕೂಡ ಬೇರು ಅಗೆಯುವವರ ಮನೆಯ ಮಗಳೇ.

"ಎಷ್ಟು ಕೊಟ್ಟಿದ್ರಿ, ವೈದ್ಯರೇ?"

"ಬೇಯಿಸಿದ್ದು, ಮೂರೇ ಚೂರು. ಜೊತೆಗೆ ಶಕ್ತಿ ಬರೋಕೆ ಇನ್ನೂ ನಾಲ್ಕು ತರದ ಬೇರು. ಮೂರು ತಿಂಗಳು ಮಲಗಿದ್ದ ಮನುಷ್ಯ." ಮಿಯಾವ್ ತಲೆ ಎತ್ತಲಿಲ್ಲ. "ನಿನ್ನೆ ನಾನು ಹಳ್ಳಿಗೆ ಹೋಗಿದ್ದೆ ಕಣಮ್ಮ. ಇದ್ದಿದ್ರೆ ಉಳಿಸ್ತಿದ್ದೆನೋ ಏನೋ."

"ತಪ್ಪಿ ಬೇರೆ ಡಬ್ಬಿಗೆ ಕೈ ಹೋಗಿರಬಹುದಾ?"

ವೈದ್ಯರು ಡಬ್ಬಿಗಳ ಸಾಲಿನತ್ತ ನೋಡಿದರು. "ನಲವತ್ತು ವರ್ಷದಲ್ಲಿ ಹೋಗಿಲ್ಲ. ಮೊನ್ನೆ ಈ ಮದ್ದು ಕಟ್ಟುವಾಗ ಹೋಗಿಲ್ಲ ಅಂತ ಆಣೆ ಮಾಡೋಕೆ ಮಾತ್ರ ಧೈರ್ಯ ಸಾಲ್ತಿಲ್ಲ."

ತಪ್ಪು ಮಾಡಿದವನು ಹೀಗೆ ಮಾತಾಡುವುದಿಲ್ಲ ಎಂದುಕೊಂಡಳು ರುಯಿಲಾನ್. ಆದರೆ ಅನಿಸಿದ್ದನ್ನು ವರದಿಯಲ್ಲಿ ಬರೆಯುವಂತಿರಲಿಲ್ಲ.

*

ಮದ್ದು ಕುದಿಸಿ ಸೋಸಿದ ಮೇಲೆ ಉಳಿದ ಚರಟವನ್ನು ಅಲ್ಲಿ ನಾಲ್ಕು ದಾರಿ ಕೂಡುವಲ್ಲಿ ಚೆಲ್ಲುತ್ತಾರೆ. ಹೋಗಿಬರುವವರು ತುಳಿದರೆ ರೋಗ ಮನೆ ಬಿಡುತ್ತದೆಂಬ ನಂಬಿಕೆ. ಕಾನ್‌ಸ್ಟೇಬಲ್ ಪೆಂಗ್ ಮೂಗು ಮುರಿಯುತ್ತಾ ನಿಂತಿದ್ದ. ರುಯಿಲಾನ್ ಗಾಡಿ ಜಾಡಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಮುದುಕನ ಮನೆಯವರು ನಿನ್ನೆ ಚೆಲ್ಲಿದ್ದ ಚರಟವನ್ನು ಒಂದೊಂದಾಗಿ ಹೆಕ್ಕಿದಳು. ರೇವಲ್ಚಿನ್ನಿಯ ಮೂರು ಚೂರು ಸಿಕ್ಕವು. ಮೂರನ್ನೂ ಮುರಿದು ನೋಡಿದಳು. ಒಳಗೂ ಕಪ್ಪೇ.

"ವೈದ್ಯರು ಸರಿಯಾದ್ದೇ ಕೊಟ್ಟಿದಾರೆ," ಎಂದಳು.

"ಮತ್ತೆ ಅಜ್ಜ ಸತ್ತಿದ್ದು ಹೇಗಕ್ಕಾ?"

ಉತ್ತರ ಮುದುಕನ ಕೋಣೆಯ ಕಿಟಕಿಯಲ್ಲಿತ್ತು. ನಿನ್ನೆ ಬೆಳಿಗ್ಗೆ ಮದ್ದು ಕುಡಿದ ಬಟ್ಟಲನ್ನು ತೊಳೆಯಲು ಆ ಮನೆಯಲ್ಲಿ ಯಾರಿಗೂ ಪುರಸೊತ್ತಾಗಿರಲಿಲ್ಲ. ತಳದಲ್ಲಿ ಹಳದಿ ಕೆಸರು ಒಣಗಿ ಅಂಟಿತ್ತು. ಸೋಸಿದ ಕಷಾಯಕ್ಕೆ ಅಂಥ ಕೆಸರು ಇರುವುದಿಲ್ಲ. ಯಾರೋ ಹಸಿ ಬೇರಿನ ಪುಡಿಯನ್ನು ಆಮೇಲೆ ಕಲಸಿದ್ದರು. ಕುದಿಸಿದರೆ ಹಸಿ ಬೇರಿನ ಜೋರು ಇಳಿಯುತ್ತದೆ. ಕುದಿಸದ ಪುಡಿಯ ಜೋರು ಇಳಿಯುವುದಿಲ್ಲ.

ಕಷಾಯ ಕಾಸಿದವಳು ಸೊಸೆ ಯಿನ್‌ಹುವಾ. ಗಂಡ ಲಾರಿ ತೆಗೆದುಕೊಂಡು ಲಾಂಚೌಗೆ ಹೋಗಿದ್ದ. ಮೂರು ತಿಂಗಳಿಂದ ಮಾವನ ಮೈ ತೊಳೆದು, ಬಟ್ಟೆ ಒಗೆದು ಅವಳು ಅರ್ಧ ಆಗಿದ್ದಳು.

"ಸೋಮವಾರ ಮಾವನ ಹತ್ರ ಜಗಳ ಆಡಿದ್ಯಂತೆ?"

"ಆಡಿದೆ. ನಿಲ್ಲೋಕೆ ತ್ರಾಣ ಇಲ್ಲ, ಕೋಲು ಹಿಡ್ಕೊಂಡು ಬೇರು ಕೊಳ್ಳೋ ಕೇಂದ್ರಕ್ಕೆ ಹೋಗಿದ್ದ. ಮೂವತ್ತು ವರ್ಷ ಬೇರು ಆರಿಸಿದ ಜಾಗ ಅಂತೆ, ಬಿಸಿಲಿಗೆ ಕೂತ್ಕೋಬೇಕಂತೆ. ಬಿದ್ದು ಸತ್ತರೆ ಯಾರಿಗೆ ಹೇಳಲಿ ಅಂತ ಬೈದೆ." ಅವಳು ಕಿಟಕಿಯ ಕಡೆ ತಿರುಗಿದಳು. "ಈಗ ಹೀಗಾಯ್ತು."

ಅಡುಗೆಮನೆಯಿಂದ ಪೆಂಗ್ ಕರೆದ. ಹಿಟ್ಟು ನಾದುವ ಬೋಗುಣಿಯ ಕೆಳಗೆ ಮಡಚಿ ತುರುಕಿದ ಒಂದು ಬಟ್ಟೆ ಸಿಕ್ಕಿತ್ತು. ಬಿಡಿಸಿದ. ತುಂಬ ಕೆಂಪು ಕಲೆ.

"ರಕ್ತ, ಅಕ್ಕಾ."

ಯಿನ್‌ಹುವಾ ಓಡಿಬಂದಳು. "ಇದು ಹಿಟ್ಟಿನ ಮೇಲೆ ಹೊದಿಸೋ ಬಟ್ಟೆ. ನಿನ್ನೆಯಿಂದ ಹುಡುಕ್ತಿದೀನಿ. ನಾನೇನೂ ಮಾಡಿಲ್ಲ."

ರುಯಿಲಾನ್ ಊಟದ ಮೇಜಿನಿಂದ ವಿನೆಗರ್ ಕುಡಿಕೆ ತಂದು ಕಲೆಯ ಅಂಚಿಗೆ ಒಂದು ಹನಿ ಬಿಟ್ಟಳು. ಕೆಂಪು ಸರ್ರನೆ ಹಳದಿಯಾಯಿತು. ಒಲೆಯ ಬಳಿ ನೂಡಲ್ಸ್ ಹಿಟ್ಟಿಗೆ ಬೆರೆಸುವ ಬೂದಿಕ್ಷಾರದ ನೀರಿತ್ತು. ಅದನ್ನು ಅದೇ ಜಾಗಕ್ಕೆ ಹನಿಸಿದಳು. ಹಳದಿ ಮತ್ತೆ ಕೆಂಪಾಯಿತು.

ಪೆಂಗ್ ಬಗ್ಗಿ ನೋಡಿದ.

"ರಕ್ತ ಹೀಗೆ ಬಣ್ಣ ಬದಲಿಸಲ್ಲ ಕಣೋ. ರೇವಲ್ಚಿನ್ನಿ ಬದಲಿಸುತ್ತೆ. ಬೂದಿ ನೀರು ತಾಗಿದರೆ ಕೆಂಪು, ಹುಳಿ ತಾಗಿದರೆ ಹಳದಿ. ಯಾರೋ ಕೈಗೆ ಮೆತ್ತಿದ ಪುಡಿಯನ್ನ, ಬೂದಿ ನೀರಲ್ಲಿ ಒದ್ದೆಯಾಗಿದ್ದ ಈ ಬಟ್ಟೆಗೆ ಒರೆಸಿದಾರೆ." ಆಮೇಲೆ ಯಿನ್‌ಹುವಾಳ ಕಡೆ ತಿರುಗಿದಳು. "ಕೈ ತೋರಿಸಮ್ಮ."

ಅಡುಗೆಯ ಕೈ, ಒಡೆದ ಬೆರಳು. ಉಗುರುಸಂದಿಯಲ್ಲಿ ಹಿಟ್ಟು ಇನ್ನೂ ಇತ್ತು. ಕೆಂಪು ಎಲ್ಲೂ ಇರಲಿಲ್ಲ.

"ನಿನ್ನೆ ಇಡೀ ಬೆಳಿಗ್ಗೆ ಈ ಕೈ ಬೂದಿ ನೀರಲ್ಲಿತ್ತು. ಪುಡಿ ಮುಟ್ಟಿದ್ದರೆ ಉಗುರು ಎರಡು ದಿನ ಕೆಂಪಾಗೇ ಇರ್ತಿತ್ತು. ಈಗ ಹೇಳು, ಕಷಾಯ ಬಟ್ಟಲಿಗೆ ಬಗ್ಗಿಸಿದ ಮೇಲೆ ಏನು ಮಾಡಿದೆ?"

"ಆರಲಿ ಅಂತ ಒಲೆ ಕಟ್ಟೆ ಮೇಲಿಟ್ಟು, ಚರಟ ಚೆಲ್ಲೋಕೆ ಹೋದೆ. ದಾರೀಲಿ ಪಕ್ಕದ ಮನೆಯವಳು ಮಾತಿಗೆ ನಿಲ್ಲಿಸಿಕೊಂಡಳು."

"ಮನೇಲಿ ಯಾರಿದ್ರು?"

"ಮಾವ. ಮತ್ತೆ ಹೌ ಅಣ್ಣ. ಕೇಂದ್ರ ನೋಡ್ಕೊಳ್ಳೋ ಹೌ ಯೋಂಗ್‌ಚುನ್. ಮಾವನ ಹತ್ರಾನೇ ಕೆಲಸ ಕಲಿತವನು, ವಾರಕ್ಕೊಂದ್ಸಲ ನೋಡೋಕೆ ಬರ್ತಾನೆ."

*

ಕೊನೆಯದಾಗಿ ರುಯಿಲಾನ್ ಮುದುಕನ ಹಾಸಿಗೆಯನ್ನು ಹುಡುಕಿದಳು. ದಿಂಬಿನಡಿ, ಕರ್ಚೀಫಿನಲ್ಲಿ ಸುತ್ತಿದ ಒಂದು ಬಿಲ್ಲೆ ಬೇರು. ಬೆಳಕಿಗೆ ಹಿಡಿದಳು. ಅಸಲಿ ಬೇರನ್ನು ಅಡ್ಡ ಕೊಯ್ದರೆ ಒಳಗೆ ಸಣ್ಣ ಸಣ್ಣ ನಕ್ಷತ್ರಗಳಂಥ ಚುಕ್ಕೆ ಕಾಣಬೇಕು. ಇದರಲ್ಲಿ ಒಂದೂ ಇರಲಿಲ್ಲ. ಗುಡ್ಡದಲ್ಲಿ ತಾನಾಗಿ ಬೆಳೆಯುವ ಕಾಡುಬೇರು. ನೋಡಲು ಅಣ್ಣತಮ್ಮ, ಮದ್ದಿಗೆ ಮಾತ್ರ ಬಾರದು.

ಸಾಯುವ ಮನುಷ್ಯ ಕಸವನ್ನು ದಿಂಬಿನಡಿ ಇಟ್ಟುಕೊಳ್ಳುವುದಿಲ್ಲ.

*

ಶುಕ್ರವಾರ ಮಧ್ಯಾಹ್ನ ಕೊಳ್ಳುವ ಕೇಂದ್ರದ ಅಂಗಳದಲ್ಲಿ ಎರಡು ಲಾರಿ ತುಂಬುತ್ತಿದ್ದವು. ದೊಡ್ಡ ಊರಿನ ಆಸ್ಪತ್ರೆಗಳಿಗೆ ಹೋಗುವ ಮಾಲು. ಹೌ ಚೀಲಗಳಿಗೆ ಮೊಹರು ಹಾಕುತ್ತಿದ್ದ. ಐವತ್ತರ ಆಸುಪಾಸಿನ, ನಿಧಾನದ ಮನುಷ್ಯ. ಅತ್ತು ಅತ್ತು ಕಣ್ಣು ಊದಿತ್ತು. ರುಯಿಲಾನಳನ್ನು ಕೂರಿಸಿ ತಾನೇ ಚಹಾ ಸುರಿದ. ಬಲಗೈಯ ಉಂಗುರ ಬೆರಳಿನ ತುದಿಯನ್ನು ಎಂದೋ ಬೇರು ಕೊಯ್ಯುವ ಕತ್ತಿ ತೆಗೆದಿತ್ತು.

"ಬುಧವಾರ ಬೆಳಿಗ್ಗೆ ಅಲ್ಲಿದ್ರಂತೆ."

"ಇದ್ದೆ. ಗುರುಗಳ ಪಕ್ಕದಲ್ಲೇ ಕೂತಿದ್ದೆ. ಸೊಸೆ ಬಂದು ಮದ್ದು ಕೊಟ್ಟಳು, ಕುಡಿದರು."

"ಅಡುಗೆಮನೆಗೆ ಹೋಗಿರಲಿಲ್ವಾ?"

"ಹೆಂಗಸರ ಅಡುಗೆಮನೇಲಿ ನನಗೇನು ಕೆಲಸ?"

ರುಯಿಲಾನ್ ಬಿಲ್ಲೆಯನ್ನು ಮೇಜಿನ ಮೇಲಿಟ್ಟಳು. "ಇದು ಯಾವ ದರ್ಜೆ?"

ಹೌ ಕೈಗೆತ್ತಿಕೊಳ್ಳಲೂ ಇಲ್ಲ. "ಮೊದಲನೇ ದರ್ಜೆ."

"ಚುಕ್ಕೆ ಎಲ್ಲಿ?"

ಅವನು ಅವಳ ಬಟ್ಟಲಿಗೆ ಮತ್ತೆ ಚಹಾ ಸುರಿದ. ರುಯಿಲಾನ್ ಬಟ್ಟೆಯನ್ನು ಬಿಡಿಸಿ ತಕ್ಕಡಿಯ ತಟ್ಟೆಯ ಮೇಲೆ ಹಾಸಿದಳು. ಒದ್ದೆ ಬಟ್ಟೆಯನ್ನು ಹಿಡಿದು ಹಿಂಡಿದ ಅಂಗೈಯ ಗುರುತು ಒಣಗಿ ಅಚ್ಚಾಗಿತ್ತು. ನಾಲ್ಕು ಬೆರಳು. ಅದರಲ್ಲೊಂದು ಗಿಡ್ಡ.

"ನೀವು ಬೇರಿನ ಧೂಳಲ್ಲೇ ಬದುಕೋರು. ನಿಮ್ಮ ಜೇಬಲ್ಲಿ ಪುಡಿ ಸಿಕ್ಕರೆ ನಾನು ತಲೆ ಕೆಡಿಸ್ಕೊಳ್ಳಲ್ಲ. ಆದರೆ ಈ ಬಟ್ಟೆ ಅಡುಗೆಮನೆಯದು. ನೀವು ಕಾಲಿಡದ ಅಡುಗೆಮನೆ. ಕೈ ಇಡಿ, ಅಣ್ಣ."

ಕೂಲಿಗಳು ಚೀಲ ಎತ್ತುವುದನ್ನು ನಿಲ್ಲಿಸಿದ್ದರು. ಹೌ ತನ್ನ ಕೈಯನ್ನೇ ನೋಡಿದ. ಇಡಲಿಲ್ಲ.

"ನನ್ನ ಕಣ್ಣೆದುರೇ ಕೆಂಪಾಯ್ತು," ಎಂದ. "ಅವಳ ಹೆಜ್ಜೆ ಕೇಳಿಸ್ತು. ಬೋಗುಣಿ ಕೆಳಗೆ ತಳ್ಳಿದೆ. ಆಮೇಲೆ ತರೋಕೆ ಹೋಗೋ ಧೈರ್ಯ ಬರಲಿಲ್ಲ."

"ಯಾಕೆ?"

"ಈ ವರ್ಷ ಆಲಿಕಲ್ಲು ಬಿದ್ದು ಬೆಳೆ ಅರ್ಧ ಹೋಯ್ತು. ಮೇಲಿನವರಿಗೆ ಇಷ್ಟು ಚೀಲ ಅಂತ ಮಾತು ಕೊಟ್ಟಾಗಿತ್ತು. ನಾನು ನೋಡ್ಕೊಳ್ಳೋ ಈ ಹದಿನೆಂಟು ವರ್ಷದಲ್ಲಿ ಒಂದ್ಸಲಾನೂ ನಮ್ಮ ಕೇಂದ್ರ ಮಾತು ತಪ್ಪಿಲ್ಲ. ಕಾಡುಬೇರು ಬೆರೆಸಿ ತುಂಬಿಸಿದೆ. ಸೋಮವಾರ ಗುರುಗಳು ಬಿಸಿಲಿಗೆ ಕೂತವರು ಒಂದು ಚೀಲಕ್ಕೆ ಕೈ ಹಾಕಿಬಿಟ್ಟರು." ಮೇಜಿನ ಮೇಲಿನ ಬಿಲ್ಲೆಯನ್ನು ದೂರ ಸರಿಸಿದ. "ಬೈಯಲಿಲ್ಲ. ಗುರುವಾರದೊಳಗೆ ನೀನೇ ಹೋಗಿ ಮೇಲಿನವರಿಗೆ ಹೇಳು, ಇಲ್ಲಾಂದ್ರೆ ನಾನು ಹೇಳ್ತೀನಿ ಅಂದರು. ಲಾರಿ ಹೊರಡೋವರೆಗೆ ಹಾಸಿಗೆ ಹಿಡಿದಿರಲಿ ಅಂದ್ಕೊಂಡೆ. ಅಷ್ಟೇ. ಕೊಲ್ಲಬೇಕು ಅಂತಲ್ಲ."

"ಮೂರು ತಿಂಗಳಿಂದ ಗಂಜಿ ಕುಡಿತಿದ್ದ ಮನುಷ್ಯ."

"ಬೇರು ನೋಡೋದು ಕಲಿಸಿದ್ದರು," ಎಂದ ಹೌ. "ಮನುಷ್ಯನ್ನ ನೋಡೋದು ನಾನು ಕಲೀಲಿಲ್ಲ."

ರುಯಿಲಾನ್ ಲಾರಿಗಳತ್ತ ನೋಡಿದಳು. ಎಲ್ಲೋ ಒಂದು ಆಸ್ಪತ್ರೆಯಲ್ಲಿ ಕರುಳು ಕಟ್ಟಿ ಒದ್ದಾಡುವವನಿಗೆ ಈ ಚೀಲದ ಕಷಾಯ ಕುಡಿಸುತ್ತಾರೆ. ವೈದ್ಯರು ಕಾಯುತ್ತಾರೆ. ಏನೂ ಆಗುವುದಿಲ್ಲ. ಬೇರನ್ನು ಯಾರೂ ಸಂಶಯಿಸುವುದಿಲ್ಲ.

"ಎಲ್ಲ ಇಳಿಸಿ," ಎಂದಳು.

*

ನೂರಾ ಹತ್ತು ಚೀಲ. ಯಾವುದರಲ್ಲಿ ಎಷ್ಟು ಬೆರೆಸಿದೆ ಎಂಬುದು ಒಬ್ಬನಿಗೇ ಗೊತ್ತಿತ್ತು. ಹೌ ಬೇರೇನೂ ಕೇಳಲಿಲ್ಲ. ಆರಿಸಿಕೊಟ್ಟು ಜೈಲಿಗೆ ಹೋಗುತ್ತೇನೆ ಎಂದ. ಪೊಲೀಸ್ ಮೇಲಧಿಕಾರಿ ಫೋನಿನಲ್ಲಿ ಗೊಣಗಿದರು. ರುಯಿಲಾನ್ ಒಪ್ಪಿಸಿದಳು.

ಶನಿವಾರ ಬೆಳಿಗ್ಗೆಯಿಂದ ಅವನು ಅಂಗಳದ ನಡುವೆ ಕೂತು, ಪಕ್ಕದಲ್ಲಿ ಪೆಂಗನನ್ನಿಟ್ಟುಕೊಂಡು, ಚೀಲ ಬಿಚ್ಚಿ ಬಿಚ್ಚಿ ಬೇರು ಆರಿಸಿದ. ಅಸಲಿ ಬಲಕ್ಕೆ, ಕಾಡುಬೇರು ಎಡಕ್ಕೆ. ಎಡಗಡೆಯ ರಾಶಿ ಅವನ ಭುಜದೆತ್ತರ ಬೆಳೆಯಿತು. ಊರಿನ ಯಾರೂ ಹತ್ತಿರ ಹೋಗಲಿಲ್ಲ. ಮಿಯಾವ್ ವೈದ್ಯರು ಮಾತ್ರ ಬಂದು ಬಲಗಡೆಯ ರಾಶಿಯಿಂದ ಆಗಾಗ ಒಂದೊಂದು ತುಂಡು ಎತ್ತಿ ಪರೀಕ್ಷಿಸಿ ವಾಪಸು ಹಾಕುತ್ತಿದ್ದರು.

ಮೂರರ ಸುಮಾರಿಗೆ ಯಿನ್‌ಹುವಾ ಬಂದಳು. ಶೋಕದ ಬಿಳಿ ಬಟ್ಟೆಯನ್ನು ತಲೆಗೆ ಕಟ್ಟಿದ್ದಳು. ಪೆಂಗ್ ಎದ್ದು ನಿಂತ. ರುಯಿಲಾನ್ ಬೇಡವೆಂದು ಕಣ್ಣಲ್ಲೇ ಹೇಳಿದಳು.

ಯಿನ್‌ಹುವಾ ಹೌನ ಎದುರು ಬಂದು ನಿಂತಳು. ಅವನು ತಲೆ ಎತ್ತಲಿಲ್ಲ, ಕೈಯನ್ನೂ ನಿಲ್ಲಿಸಲಿಲ್ಲ.

"ನನ್ನ ಕೈಯಿಂದಲೇ ಕುಡಿಸಿದ್ಯಲ್ಲಾ," ಎಂದಳು ಮೆತ್ತಗೆ.

ಅವನ ಕೈ ನಿಂತಿತು.

ಅವಳು ಅವನಿಗೆ ಬೆನ್ನು ಮಾಡಿ ಬಲಗಡೆಯ ರಾಶಿಯ ಬಳಿ ಕುಳಿತಳು. ಖಾಲಿ ಚೀಲವೊಂದನ್ನು ಎಳೆದುಕೊಂಡಳು. ಅಸಲಿ ಬೇರನ್ನು ತುಂಬಿ, ಗೋಣಿದಬ್ಬಣ ಕೇಳಿ ಪಡೆದು, ಬಾಯಿ ಹೊಲಿಯತೊಡಗಿದಳು.