ಸಾಕು ಎಂದ ಸರದಾರ

"ಸಾಕು," ಎಂದಿತು ಸರದಾರ.

ಅಂಗಳದಲ್ಲಿ ನೆರೆದಿದ್ದ ಹನ್ನೆರಡು ಮಂದಿಯೂ ಒಮ್ಮೆಲೇ ಮಾತು ನಿಲ್ಲಿಸಿದರು. ಧ್ವನಿ ಬಂದದ್ದು ನಾಯಿಯ ಬಾಯಿಂದಲ್ಲ, ಅಂದು ಬೆಳಿಗ್ಗೆಯಷ್ಟೇ ಅದರ ಕೊರಳಿಗೆ ಕಟ್ಟಿದ್ದ ಎರಡು ಬೆರಳಗಲದ ಪಟ್ಟಿಯಿಂದ. ಗಂಡಿನದೂ ಅಲ್ಲ, ಹೆಣ್ಣಿನದೂ ಅಲ್ಲ. ತುಸು ದಣಿದ, ಬಲು ಸೌಜನ್ಯದ ಧ್ವನಿ. ಆರು ತುಂಬಿದ ಭುವಿ ಹುಟ್ಟುಹಬ್ಬದ ಹೊಸ ಲಂಗ ತೊಟ್ಟು, ಸರದಾರನ ಬೆನ್ನ ಮೇಲೆ ಅರ್ಧ ಮಲಗಿ, ಎರಡೂ ಕೈಗಳಿಂದ ಅದರ ಕೊರಳನ್ನು ಬಿಗಿಯಾಗಿ ಅಪ್ಪಿಕೊಂಡಿದ್ದಳು.

"ಕೇಳಿದ್ರೇನ್ರೀ?" ಎಂದು ಭುವಿಯ ಅಜ್ಜ ತಮ್ಮಣ್ಣಪ್ಪ ಕುರ್ಚಿಯಿಂದ ಎದ್ದೇ ನಿಂತರು. "ಸಾಕು ಅಂತೈತಿ! ನನ್ನ ಸಾಕು ಅಂತ ಬೇಡಾಕತ್ತೈತಿ! ಒಂಬತ್ತು ವರ್ಷದ ಸಲಿಗಿ ನೋಡ್ರಿ, ಏಕವಚನಾನ ಹಚ್ಚೈತಿ. ಸಾಕ್ತೀನೋ ತಮ್ಮಾ, ನನ್ನ ಉಸುರು ಇರೂತನಕ ಸಾಕ್ತೀನಿ!"

ಬಂದವರೆಲ್ಲ ಚಪ್ಪಾಳೆ ತಟ್ಟಿದರು. ಒಬ್ಬಾಕೆ ಕಣ್ಣೊರೆಸಿಕೊಂಡರು. ತಮ್ಮಣ್ಣಪ್ಪ ಒಂದು ಪೇಡೆಯನ್ನು ಸರದಾರನ ಬಾಯಿಗಿಟ್ಟು, "ಇನ್ನೊಮ್ಮೆ ಅಪ್ಪಿಕೋ ಭುವೀ, ಗಟ್ಟಿಯಾಗಿ," ಎಂದು ಮೊಮ್ಮಗಳಿಗೆ ಹೇಳಿದರು. ಮೊಮ್ಮಗಳು ಅಪ್ಪಿಕೊಂಡಳು. "ಸಾಕು," ಎಂದಿತು ಸರದಾರ ಮತ್ತೆ.

ಅದು ಎರಡು ಸಾವಿರದ ಎಪ್ಪತ್ತೊಂದನೆಯ ಇಸವಿ. ಹತ್ತು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ನಾಯಿ ಸಾಕುವವರು ಅದರ ಕೊರಳಿಗೆ 'ಇಂಗಿತವಾಣಿ' ಕಟ್ಟಲೇಬೇಕೆಂದು ಕಾಯ್ದೆಯಾಗಿ ಒಂದು ತಿಂಗಳಾಗಿತ್ತು. ಬಾಗಲಕೋಟೆಯ ಪ್ರಾಣಿವರ್ತನ ಕೇಂದ್ರದ ವಿಜ್ಞಾನಿ ಡಾ. ಶಮೀನಾ ಕಲಾದಗಿ ಹದಿನಾಲ್ಕು ವರ್ಷ ತಲೆ ಸವೆಸಿ ಮಾಡಿದ ಯಂತ್ರ ಅದು. ಮನೆಯ ಮಕ್ಕಳನ್ನು ಕಚ್ಚುವ ನಾಯಿಗಳಲ್ಲಿ ಹೆಚ್ಚಿನವು ಹುಚ್ಚು ನಾಯಿಗಳಲ್ಲ, ಬೀದಿ ನಾಯಿಗಳೂ ಅಲ್ಲ, ಅದೇ ಮಕ್ಕಳೊಡನೆ ಬೆಳೆದ ಸಾಧು ನಾಯಿಗಳು ಎಂಬುದು ಆಕೆಯನ್ನು ಕಾಡಿದ ಸಂಗತಿ. "ನಮ್ಮ ನಾಯಿ ಹಂಗಲ್ಲ" ಎಂದು ಎಲ್ಲರೂ ಹೇಳುತ್ತಿದ್ದರು, ಕಚ್ಚುವ ಹಿಂದಿನ ದಿನದವರೆಗೂ.

ಇಂಗಿತವಾಣಿಯ ಕೆಲಸ ಸರಳ. ನಾಯಿಯ ಎದೆಬಡಿತ, ಉಸಿರಾಟದ ಲಯ, ಕತ್ತಿನ ಸ್ನಾಯುಗಳ ಬಿಗಿತ, ಚರ್ಮದಲ್ಲಿ ಒಸರುವ ಉದ್ವೇಗರಸ, ಈ ನಾಲ್ಕನ್ನೂ ಪಟ್ಟಿ ಎಡೆಬಿಡದೆ ಅಳೆಯುತ್ತದೆ. ಅವನ್ನೆಲ್ಲ ಕೂಡಿಸಿ ಅದು ತೆಗೆಯುವ ಲೆಕ್ಕಕ್ಕೆ 'ಸಹನಾಂಕ' ಎಂದು ಹೆಸರು. ನಾಯಿ ನೆಮ್ಮದಿಯಿಂದಿದ್ದರೆ ಸಹನಾಂಕ ನೂರು. ನಲವತ್ತಕ್ಕೆ ಇಳಿದರೆ ಪಟ್ಟಿ "ಸಾಕು" ಎನ್ನುತ್ತದೆ. ಎಂದರೆ, ಇನ್ನು ನನ್ನಿಂದಾಗದು, ಬಿಡಿ. ಹದಿನೈದಕ್ಕೆ ಇಳಿದರೆ "ದೂರ" ಎನ್ನುತ್ತದೆ; ಎಂದರೆ, ಮಗುವನ್ನು ಈಗಲೇ ದೂರ ಒಯ್ಯಿರಿ. ಆಡಿದ ಪ್ರತಿ ಮಾತೂ ಅದರೊಳಗಿನ 'ನೆನಪುಮಣಿ'ಯಲ್ಲಿ ಉಳಿಯುತ್ತದೆ.

ಇದೆಲ್ಲ ಪಟ್ಟಿಯ ಜೊತೆಗೆ ಬಂದ ನಲವತ್ತು ಪುಟದ ಕೈಪಿಡಿಯಲ್ಲಿತ್ತು. ತಮ್ಮಣ್ಣಪ್ಪ ಅದನ್ನು ಬಿಡಿಸಿಯೂ ಇದ್ದರು. 'ಸಂಯಮಸೀಮೋಲ್ಲಂಘನ ಪೂರ್ವಸೂಚಕ ಪದ' ಎಂಬಲ್ಲಿಗೆ ಬಂದಾಗ ಅವರಿಗೆ ನಿದ್ದೆ ಹತ್ತಿತು. ಮರುದಿನ ಆ ಪುಸ್ತಕ ಅವರ ಹಿಟ್ಟಿನ ಗಿರಣಿಯಲ್ಲಿ ಅಲುಗಾಡುತ್ತಿದ್ದ ತಕ್ಕಡಿಯ ಮೇಜಿನ ಕಾಲಿಗೆ ಒತ್ತಾಗಿ ಸೇರಿತು. ಸರ್ಕಾರದ ಕಾಗದ ಅಷ್ಟಾದರೂ ಉಪಯೋಗಕ್ಕೆ ಬಂತಲ್ಲ ಎಂದು ಅವರಿಗೆ ಸಮಾಧಾನ.

ತಮ್ಮಣ್ಣಪ್ಪ ಅರಳಿಕಟ್ಟಿ ಕೆಟ್ಟ ಮನುಷ್ಯರಲ್ಲ. ಜಮಖಂಡಿಯಲ್ಲಿ ಅವರ ಗಿರಣಿ ಹೆಸರುವಾಸಿ, ಅವರ ನಾಯಿ ಅದಕ್ಕಿಂತ ಹೆಸರುವಾಸಿ. ಮುಧೋಳ ತಳಿಯ ಸರದಾರ ಮರಿಯಾಗಿದ್ದಾಗ ಅಂಗಿಯೊಳಗೆ ಇಟ್ಟುಕೊಂಡು ತಂದವರು ಅವರೇ. ಮನೆಯಲ್ಲಿ ಯಾರಾದರೂ ಉಪವಾಸವಿದ್ದಾರು, ಸರದಾರನ ಹಾಲು ತಪ್ಪುತ್ತಿರಲಿಲ್ಲ. ತನ್ನ ನಾಯಿಯ ಮನಸ್ಸು ತನಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು ಎಂಬ ಹೆಮ್ಮೆ ಅವರದು. ಪ್ರೀತಿ ಬೆಟ್ಟದಷ್ಟಿತ್ತು, ಅರಿವು ಮಾತ್ರ ಸಾಸಿವೆಯಷ್ಟು.

ಮುಂದಿನ ಹದಿನಾರು ದಿನ ಸರದಾರ ಸಾಕು, ಸಾಕು ಎನ್ನುತ್ತಲೇ ಇತ್ತು. ಭುವಿ ಅದರ ಕಿವಿ ಜಗ್ಗಿದಾಗ ಸಾಕು. ಸೊಂಟದ ಮೇಲೆ ಕೂತು ಕುದುರೆಯಾಟ ಆಡಿದಾಗ ಸಾಕು. ಗಿರಣಿಗೆ ಬಂದವರೆಲ್ಲ "ಮಾತಾಡೂ ನಾಯಿ ತೋರಸ್ರಿ" ಎಂದು ಹಿತ್ತಿಲಿಗೆ ಬರುವರು; ತಮ್ಮಣ್ಣಪ್ಪ ಮೊಮ್ಮಗಳಿಗೆ ಕಣ್ಸನ್ನೆ ಮಾಡುವರು; ಆಕೆ ಹೋಗಿ ಅಪ್ಪಿಕೊಳ್ಳುವಳು; ಪಟ್ಟಿ ನುಡಿಯುವುದು. ಸೊಸೆ, ಭುವಿಯ ತಾಯಿ ಮಹಾನಂದಾ ಒಮ್ಮೆ, "ಮಾವಾ, ಅದಕ್ಕ ಬ್ಯಾಸರಾಗಿರಬೇಕು ಬಿಡ್ರಿ," ಎಂದಳು. "ನಿನಗೇನ್ ತಿಳೀತೈತಿ ನಾಯಿ ಸುದ್ದಿ," ಎಂದು ಅವರು ನಕ್ಕುಬಿಟ್ಟರು.

ಹದಿನೇಳನೆಯ ದಿನ ಮಧ್ಯಾಹ್ನ ಸರದಾರ ಪಡಸಾಲೆಯ ಮೂಲೆಯಲ್ಲಿ ಮಲಗಿತ್ತು. ಭುವಿ ಹೋಗಿ ಅದರ ಸೊಂಟದ ಮೇಲೆ ತಲೆಯಿಟ್ಟು ಒರಗಿದಳು. ಪಟ್ಟಿ ಹೊಸ ಮಾತು ಆಡಿತು.

"ದೂರ."

"ಹೋ, ದೂರ ಅಡ್ಡಾಡಾಕ ಹೋಗೂಣು ಅಂತೈತಿ!" ಎಂದು ತಮ್ಮಣ್ಣಪ್ಪ ಹಿಗ್ಗಿದರು. ಮೊಮ್ಮಗಳನ್ನು ಅಲ್ಲಿಯೇ ಬಿಟ್ಟು, ಸರಪಳಿ ತರಲು ಒಳಗೆ ಹೋದರು.

ಮೊಳೆಗೆ ತೂಗಿದ ಸರಪಳಿಗೆ ಅವರ ಕೈ ತಾಕುವಷ್ಟರಲ್ಲಿ ಭುವಿಯ ಚೀರಾಟ ಕೇಳಿತು.

ಎಡಗೆನ್ನೆಯ ಮೇಲೆ ಎರಡು ಹಲ್ಲಿನ ಗುರುತು. ಇನ್ನೊಂದು ಗುಲಗಂಜಿಯಷ್ಟು ಮೇಲೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು ಎಂದರು ಡಾಕ್ಟರು. ಮಹಾನಂದಾ ಮಗಳನ್ನು ಎತ್ತಿಕೊಂಡವಳು ಇಳಿಸಲೇ ಇಲ್ಲ. "ಮಾವಾ, ಈ ಮನ್ಯಾಗ ಅದಿರಬೇಕು, ಇಲ್ಲಾ ನಾವಿರಬೇಕು," ಎಂದಳು. ಸರದಾರ ಹಿತ್ತಿಲ ಗೋಡೆಗೆ ಅಂಟಿಕೊಂಡು ನಡುಗುತ್ತಿತ್ತು. ತಮ್ಮಣ್ಣಪ್ಪನವರಿಗೆ ಯಾರ ಬಳಿ ಹೋಗಿ ಕೂರಬೇಕೆಂದು ತಿಳಿಯಲಿಲ್ಲ. ಅಷ್ಟು ಪ್ರೀತಿಯ ಎರಡು ಜೀವಗಳ ನಡುವೆ ಹೀಗಾಗಿಹೋಯಿತಲ್ಲ ಎಂದು ಪಡಸಾಲೆಗೂ ಹಿತ್ತಿಲಿಗೂ ಅಲೆದರು.

ಕಾಯ್ದೆಯಲ್ಲಿ ಇದಕ್ಕೂ ದಾರಿ ಬರೆದಿತ್ತು. ಎಚ್ಚರಿಕೆ ಕೊಡದೆ ಕಚ್ಚಿದ ನಾಯಿ ಅಪಾಯಕಾರಿ, ಅದಕ್ಕೆ ದಯಾಮರಣ. ಎಚ್ಚರಿಕೆ ಕೊಟ್ಟೂ ಒಡೆಯ ಕೇಳದಿದ್ದರೆ ತಪ್ಪು ಒಡೆಯನದು. ನಾಯಿ ಬದುಕುತ್ತದೆ, ಒಡೆಯನ ಹೆಸರು ಊರಿಗೆಲ್ಲ ಕಾಣುವಂತೆ ತಪ್ಪಿತಸ್ಥರ ಪಟ್ಟಿಯಲ್ಲಿ ಏರುತ್ತದೆ. ಒಂದು ವರ್ಷ ಅವನು ಪ್ರಾಣಿ ಸಾಕುವಂತಿಲ್ಲ.

ಮೂರನೆಯ ದಿನ ಡಾ. ಶಮೀನಾ ಕಲಾದಗಿ ತಾವೇ ಬಂದರು. ಇಂಗಿತವಾಣಿ ಕಟ್ಟಿದ ನಾಯಿ ಮಗುವನ್ನು ಕಚ್ಚಿದ್ದು ರಾಜ್ಯದಲ್ಲಿ ಅದೇ ಮೊದಲು. ಐವತ್ತು ದಾಟಿದ ಹೆಂಗಸು, ಸಾದಾ ಹತ್ತಿ ಸೀರೆ, ಕೈಮೇಲೆಲ್ಲ ಹಳೆಯ ಹಲ್ಲಿನ ಗುರುತುಗಳು. ಮನೆಯವರನ್ನು ಮಾತಾಡಿಸುವ ಮೊದಲು ಆಕೆ ಹಿತ್ತಿಲಿಗೆ ಹೋಗಿ, ಸರದಾರನಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತರು. ಕಾಲು ಗಂಟೆ ಹಾಗೆಯೇ ಕೂತಿದ್ದರು. ಎರಡು ದಿನದಿಂದ ಯಾರನ್ನೂ ಹತ್ತಿರ ಬಿಡದಿದ್ದ ನಾಯಿ ತಾನಾಗಿ ಬಂದು ಆಕೆಯ ತೋಳಿಗೆ ಮೂಗು ತಾಗಿಸಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ತಮ್ಮಣ್ಣಪ್ಪ, ಇದು ಕಲಿತ ವಿದ್ಯೆಯಲ್ಲ, ತಪಸ್ಸು, ಎಂದುಕೊಂಡರು.

"ಇದರ ಸೊಂಟದ ಕೀಲು ಸವದೈತ್ರಿ," ಎಂದು ಆಕೆ ಮೆಲ್ಲಗೆ ನಾಯಿಯ ಬೆನ್ನು ಸವರಿ ಹೇಳಿದರು. "ಮುಟ್ಟಿದ್ರ ಜೀವ ಹೋದಂಗ ಆಗ್ತೈತಿ. ಇಷ್ಟು ದಿನ ತಡಕೊಂಡೈತಲ್ಲ, ಅದು ದೊಡ್ಡದು."

ಆಮೇಲೆ ನೆನಪುಮಣಿಯನ್ನು ತೆಗೆದು ಓದಿದರು. ಓದುತ್ತ ಓದುತ್ತ ಅವರ ಮುಖ ಗಂಭೀರವಾಯಿತು.

"ಹದಿನಾರು ದಿನದಾಗ ನಾಕುನೂರಾ ಹನ್ನೆರಡು ಸಲ 'ಸಾಕು' ಅಂದೈತಿ. ನಿಮಗ ಕೇಳಿಸಲಿಲ್ಲೇನ್ರಿ?"

"ಕೇಳಿಸೇತ್ರಿ ಡಾಕ್ಟರವ್ವಾ. ಎಲ್ಲಾ ಸಲಾನೂ ಕೇಳೇನಿ."

"ಮತ್ತ ಏನ್ ಮಾಡಿದ್ರಿ?"

"ಸಾಕು ಅಂತಿತ್ತು," ಎಂದರು ತಮ್ಮಣ್ಣಪ್ಪ. "ಸಾಕಿದೆ."

ಶಮೀನಾ ನೆನಪುಮಣಿಯನ್ನು ಕೆಳಗಿಟ್ಟರು. ಅರ್ಥ ತಲೆಗೆ ಹೋಗಲು ಅರೆಕ್ಷಣ ಹಿಡಿಯಿತು. ಆ ಪದ ಆರಿಸಲೆಂದೇ ಏಳು ವಿಜ್ಞಾನಿಗಳೂ ಇಬ್ಬರು ಭಾಷಾತಜ್ಞರೂ ಹನ್ನೊಂದು ತಿಂಗಳು ಸಭೆ ಸೇರಿದ್ದರು. ಎರಡೇ ಅಕ್ಷರವಿರಬೇಕು, ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರಿಗೂ ತಿಳಿಯಬೇಕು, ಗದ್ದಲದಲ್ಲೂ ಕೇಳಬೇಕು ಎಂದು ಅಳೆದು ಸುರಿದು ಆರಿಸಿದ ಪದ. ಸಾಕುನಾಯಿಯ ಕೊರಳಲ್ಲಿ ಅದೇ ಪದ ಬೇರೆ ಮಾತಾದೀತೆಂದು ಒಂಬತ್ತು ಪಂಡಿತರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

"ತಪ್ಪು ನಮ್ಮದೂ ಐತ್ರಿ," ಎಂದರು ಆಕೆ ಕೊನೆಗೆ. "ನಿಮ್ಮ ಮುಂದ ಮುಚ್ಚಿಡೂದಿಲ್ಲ. ಪದಾ ದಾರಿ ತಪ್ಪಿಸೇತಿ ಅಂತ ನಾ ಬರದ್ರ ನಿಮ್ಮ ಮ್ಯಾಲಿನ ಆರೋಪ ಬಿದ್ದುಹೋಗ್ತೈತಿ. ಆದ್ರ ಆವಾಗ ಕಾಯ್ದೆ ಪ್ರಕಾರ ಎಚ್ಚರಿಕಿ ಕೊಟ್ಟಂಗಾಗೂದಿಲ್ಲ. ಎಚ್ಚರಿಕಿ ಇಲ್ಲಂದ್ರ ಸರದಾರ..."

ತಮ್ಮಣ್ಣಪ್ಪ ಅರವತ್ತೆಂಟು ವರ್ಷದಲ್ಲಿ ಯಾರ ಮುಂದೆಯೂ ತಪ್ಪಾಯಿತು ಎಂದವರಲ್ಲ. ಜಾರಿ ಬಿದ್ದರೆ ನೆಲ ಸರಿಯಿಲ್ಲ ಎನ್ನುವ ಕುಳ. ತಪ್ಪಿಸಿಕೊಳ್ಳಲು ಈಗ ಬಾಗಿಲು ತಾನಾಗಿ ತೆರೆದಿತ್ತು. ಅವರು ಸರದಾರನ ಕಡೆ ನೋಡಿದರು.

"ಇದು ಮರಿ ಇದ್ದಾಗ ಗುರ್ ಅಂತಿತ್ರಿ," ಎಂದರು. "ತಾಟಿಗೆ ಕೈ ಹಾಕಿದ್ರ ಗುರ್. ನಿದ್ದಿಗೇಡು ಮಾಡಿದ್ರ ಗುರ್. ಮನೀ ನಾಯಿ ಮನೀ ಮಂದಿಗೆ ಗುರ್ ಅಂದ್ರ ಮರ್ಯಾದಿ ಏನು ಅಂತ ಹೊಡದು ಹೊಡದು ಬಿಡಿಸಿದೆ. ದೇವರು ಕೊಟ್ಟ ಮಾತು ನಾ ಕಸಗೊಂಡೆ. ನೀವು ಇನ್ನೊಂದು ಮಾತು ಕೊಟ್ರಿ, ಅದನ್ನೂ ನನಗ ಬೇಕಾದಂಗ ತಿಳಕೊಂಡೆ. ಸೊಸಿ ಹೇಳಿದ್ಲು, ಆಕಿ ಮಾತೂ ಕೇಳಲಿಲ್ಲ. ಬರೀರಿ ಡಾಕ್ಟರವ್ವಾ. ನಾಯಿ ಹೇಳೇತಿ, ತಮ್ಮಣ್ಣಪ್ಪ ಕೇಳಿಲ್ಲ ಅಂತ ಬರೀರಿ."

ಶಮೀನಾ ಪೆನ್ನು ತೆಗೆದರು. ಒಡೆಯನ ಹೇಳಿಕೆಯನ್ನು ಅವರದೇ ಮಾತಿನಲ್ಲಿ ಬರೆದರು. ಜೊತೆಗೆ ಇನ್ನೊಂದು ಕಾಗದದಲ್ಲಿ, ಸರದಾರನ ಪ್ರಸ್ತಾಪವಿಲ್ಲದೆ, ತಮ್ಮ ಸಮಿತಿಯ ತಪ್ಪನ್ನೂ ಬರೆದು ಸಹಿ ಹಾಕಿ ಮೇಲಕ್ಕೆ ಕಳಿಸಿದರು.

ಬಾಗಿಲೊಳಗೆ ತಾಯಿಯ ತೊಡೆಯ ಮೇಲೆ, ಕೆನ್ನೆಗೆ ಔಷಧದ ಪಟ್ಟಿ ಅಂಟಿಸಿಕೊಂಡು ಕೂತಿದ್ದ ಭುವಿ ಆಗ ಬಾಯಿ ತೆರೆದಳು. "ನನಗ ಗೊತ್ತಿತ್ತು, ಅದು ಬಿಡು ಅನ್ನಾಕತ್ತಿತ್ತು ಅಂತ."

ಎಲ್ಲರೂ ಅವಳ ಕಡೆ ತಿರುಗಿದರು.

"ಮತ್ಯಾಕ ಬಿಡಲಿಲ್ಲ, ಪುಟ್ಟವ್ವಾ?" ಎಂದು ಕೇಳಿದರು ಶಮೀನಾ.

"ಉಣ್ಣೂ ಮುಂದ ನಾ ಸಾಕು ಅಂದ್ರ ಅವ್ವ ಇನ್ನೊಂದು ತುತ್ತು ಹಾಕ್ತಾಳು. ಮಾಮಾ ಗಲ್ಲ ಜಗ್ಗತಾನು, ಸಾಕು ಅಂದ್ರ ಇನ್ನೂ ಜಗ್ಗತಾನು. ಮದವಿಯೊಳಗ ಎಲ್ಲಾರೂ ಸಾಕು ಸಾಕು ಅಂತಾರು, ಅಜ್ಜ ಮ್ಯಾಲ ಮ್ಯಾಲ ಹೋಳಿಗಿ ಹಾಕ್ತಾನು. ಸಾಕು ಅಂದ್ರ ಇನ್ನೂ ಮಾಡಬೇಕು ಅಂತ ತಿಳಕೊಂಡಿದ್ದೆ."

ಹದಿನಾಲ್ಕು ವರ್ಷ ನಾಯಿಗಳ ಮನಸ್ಸನ್ನು ಅಳೆದ ವಿಜ್ಞಾನಿ ಆ ಮಗುವಿನ ಮುಂದೆ ಕೈಕಟ್ಟಿ ಕೂತರು.

ಸರದಾರ ಒಂದು ವರ್ಷ ಬಾಗಲಕೋಟೆಯ ಕೇಂದ್ರದಲ್ಲಿ ಔಷಧ, ಎಣ್ಣೆ ನೀವುವ ಉಪಚಾರ ಪಡೆಯಿತು. ತಮ್ಮಣ್ಣಪ್ಪ ಪ್ರತಿ ಭಾನುವಾರ ಬಸ್ಸು ಹತ್ತಿ ಕೇಂದ್ರದ 'ಒಡೆಯರ ಶಾಲೆ'ಗೆ ಹೋದರು. ಕಿವಿ ಹಿಂದಕ್ಕೆ ಸರಿದರೆ ಏನು, ತುಟಿ ನೆಕ್ಕಿದರೆ ಏನು, ಕಣ್ಣಂಚಿನ ಬಿಳಿ ಕಂಡರೆ ಏನು ಎಂದು ಹುಡುಗರ ನಡುವೆ ಕೂತು ಬರೆದುಕೊಂಡರು. ಪದ ಬದಲಿಸಲು ಸಮಿತಿ ಹೊರಟಾಗ ಬೇಡವೆಂದು ಎದ್ದು ನಿಂತವರೂ ಅವರೇ. "ಪದಾ ಚಲೋ ಐತ್ರಿ. ಕೆಟ್ಟಿದ್ದು ನಮ್ಮ ಕಿವಿ. ಅದನ್ನ ರಿಪೇರಿ ಮಾಡೂಣು," ಎಂದರು. ಮಹಾನಂದಾಳೂ ಶಾಲೆಗೆ ಬಂದು, ಎಲ್ಲವನ್ನೂ ಕಲಿತು, ತಾನೇ ಒಪ್ಪಿಗೆ ಕೊಟ್ಟ ಮೇಲೆ ಸರದಾರ ಮನೆಗೆ ಬಂತು. ಈಗ ಭುವಿ ಅದರಿಂದ ಎರಡು ಮಾರು ದೂರ ಕೂರುತ್ತಾಳೆ. ಬೇಕೆನಿಸಿದಾಗ ಅದೇ ಎದ್ದು ಬರುತ್ತದೆ.

ಸರದಾರ ಮರಳಿದ ಮೇಲಿನ ಮೊದಲ ಯುಗಾದಿಗೆ ಶಮೀನಾ ಊಟಕ್ಕೆ ಬಂದರು. ಬಾಗಲಕೋಟೆಯಿಂದ ಹೊರಟು, ದಾರಿಯಲ್ಲಿ ಮೂರು ಮನೆಗಳ ನಾಯಿಗಳನ್ನು ನೋಡಿಕೊಂಡು ಬಂದ ಆಕೆಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ತಮ್ಮಣ್ಣಪ್ಪ ಬಿಸಿ ಹೋಳಿಗೆಯೊಂದನ್ನು ತಾಟಿಗೆ ಹಾಕಿ, ಮೇಲೆ ತುಪ್ಪ ಸುರಿದರು. ಒಂದು ಮುಗಿಯಿತು. ಎರಡನೆಯದನ್ನು ತಂದಾಗ ಆಕೆ ಸಂಪ್ರದಾಯದಂತೆ ತಾಟಿನ ಮೇಲೆ ಕೈ ಅಡ್ಡ ಹಿಡಿದು, "ಸಾಕ್ರಿ, ಸಾಕು," ಎಂದರು.

ತಮ್ಮಣ್ಣಪ್ಪನವರ ಕೈ ಗಾಳಿಯಲ್ಲಿಯೇ ನಿಂತಿತು. ಅವರು ಗೌರವದಿಂದ ತಲೆ ಬಾಗಿಸಿ, ಹೋಳಿಗೆಯನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರು.

ಶಮೀನಾ ಕಾದರು. ಯಾರೂ ಒತ್ತಾಯ ಮಾಡಲಿಲ್ಲ. ಮಹಾನಂದಾ ಅನ್ನದ ಪಾತ್ರೆಯನ್ನೂ ಒಳಗೆ ಒಯ್ದಳು. ಆ ಮನೆಯಲ್ಲಿ ಈಗ ಸಾಕು ಎಂದರೆ ಸಾಕು. ಗಿರಣಿಗೆ ಬರುವವರ ಬಾಯಿಂದ ಬಾಯಿಗೆ ಹೋಗಿ ಜಮಖಂಡಿಯ ಎಷ್ಟೋ ಮನೆಗಳಲ್ಲಿ ಹಾಗೆಯೇ ಆಗಿತ್ತು. ಮಕ್ಕಳ ಗಲ್ಲ ಜಗ್ಗುವವರ ಕೈ ಕೂಡ ಒಂದೇ ಮಾತಿಗೆ ಹಿಂದೆ ಸರಿಯುತ್ತಿತ್ತು. ಸಭೆ ಸೇರಿದ ಒಂಬತ್ತು ಪಂಡಿತರಲ್ಲಿ ಯಾರೂ ಇದನ್ನು ಎಣಿಸಿರಲಿಲ್ಲ.

ಆಕೆ ಬರಿದಾದ ತಾಟನ್ನು ನೋಡಿದರು, ಡಬ್ಬಿಯನ್ನು ನೋಡಿದರು, ಎದುರಿಗೆ ಕೂತು ನೆಟ್ಟ ನೋಟದಿಂದ ತಮ್ಮನ್ನೇ ಗಮನಿಸುತ್ತಿದ್ದ ಭುವಿಯನ್ನು ನೋಡಿದರು. ಮುಖ ಕೆಂಪಾಯಿತು. ಪರರ ಮನೆಯಲ್ಲಿ ಜೀವಮಾನದಲ್ಲಿ ಎಂದೂ ಆಡದ ಮಾತು ಅಂದು ಬಾಯಿಂದ ಹೊರಟಿತು.

"ತಮ್ಮಣ್ಣಪ್ಪಾರ, ನಾ ಸುಳ್ಳು ಹೇಳಿದೆ," ಎಂದರು ಡಾ. ಶಮೀನಾ ಕಲಾದಗಿ. "ಹಸಿವಿ ಐತ್ರಿ. ಇನ್ನೆರಡು ನೀಡ್ರಿ."