ಕೈ ಮುಗಿದದ್ದು ಯಾರಿಗೆ?

“ಕೈ ಬುಡು ಅಂದ್ನಲ್ಲ!”

ಭಾರತೀನಗರದ ಬಸ್ ನಿಲ್ದಾಣದಲ್ಲಿ ಅರ್ಪಿತ ಕಿರುಚಿದ ರಭಸಕ್ಕೆ, ಮಳವಳ್ಳಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಯತೀಶ್ ತಟ್ಟನೆ ಅವಳ ಕೈ ಬಿಟ್ಟ.

“ನನ್ ನಂಬರ್ ಯಾಕೆ ಬ್ಲಾಕ್ ಮಾಡ್ದೆ? ಅದೊಂದು ಯೋಳು, ಒಂಟೋಯ್ತೀನಿ.”

ಕೇಳ್ತಾನೆ ಬೇರೆ! ಅವಳ ಮೈಯೆಲ್ಲ ಉರಿದುಹೋಯಿತು.

ಬ್ಲಫ್ ಎಂಬ ಊರಿನ ವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡುವ ಈ ಯತೀಶನಿಗಾಗಿ ಅವಳು ವರ್ಷವಿಡೀ ಮನೆಯಲ್ಲಿ ಜಗಳವಾಡಿದ್ದಳು. ಬೇರೆ ಜಾತಿಯ ಹುಡುಗನೆಂದು ಅಪ್ಪ ಶಿವರಾಮು ಅವಳೊಂದಿಗೆ ಮಾತನ್ನೇ ಬಿಟ್ಟಿದ್ದರು. ಮೊನ್ನೆ ಕೊನೆಗೂ ಅವರು ‘ಹೂಂ’ ಅಂದಾಗ, ತಕ್ಷಣ ಯತೀಶನಿಗೆ ಬರೆದಿದ್ದಳು: ‘ಅಪ್ಪ ಒಪ್ಪಿದ್ರು ಕಣೋ!’

ಉತ್ತರವಾಗಿ ಬಂದದ್ದು ಒಂದೇ ಒಂದು ಎಮೋಜಿ. 🙏

ಒಂದು ಮಾತಿಲ್ಲ... ಒಂದು ಫೋನಿಲ್ಲ...

ಬೇಡದ ಸಂಬಂಧ ತಂದವರನ್ನು ಅಪ್ಪ ಸಾಗಹಾಕುತ್ತಿದ್ದುದೇ ಹಾಗೆ. ಎರಡೂ ಕೈ ಜೋಡಿಸಿ, ‘ನಿಮಗೊಂದು ದೊಡ್ಡ ನಮಸ್ಕಾರ, ಹೊರಡಿ!’ ಸಂಜೆಯವರೆಗೂ ಕಾದ ಅರ್ಪಿತ ನಂಬರ್ ಬ್ಲಾಕ್ ಮಾಡಿ, ‘ಅವನು ಬೇಡಪ್ಪ’ ಎಂದು ತಾನೇ ಹೇಳಿಬಿಟ್ಟಿದ್ದಳು.

“ನಾನು ಮನೇಲಿ ಹೊಡೆದಾಡಿ ಒಪ್ಸುದ್ರೆ, ನಂಗೇ ದೊಡ್ಡ ನಮಸ್ಕಾರ ಹಾಕ್ತೀಯಾ? ಬ್ಯಾಡ ಅನ್ನಕ್ಕೆ ಬಾಯಿ ಇರ್ಲಿಲ್ವಾ?”

ಯತೀಶ್ ಬೆಪ್ಪಾಗಿ ನಿಂತ. “ಬ್ಯಾಡ ಅಂತ ಯಾರಂದ್ರು? ದೇವ್ರಿಗೆ ಕೈ ಮುಗ್ದೆ ಕಣೇ! ನಿಮ್ಮಪ್ಪಂಗೂ ಮುಗ್ದೆ!”

“ಮತ್ತೆ ಫೋನು?”

“ಎಂಗ್ ಮಾಡ್ಲಿ? ಡ್ಯೂಟೀಲಿ ಎಲ್ರ ಮುಂದೆ ಅಳ್ತಾ ನಿಂತಿದ್ದೆ. ಮಾತೇ ಬರ್ನಿಲ್ಲ. ಡ್ಯೂಟಿ ಮುಗುಸ್ಕಂಡು ಮಾಡೋ ಒತ್ಗೆ ನೀನು ಬ್ಲಾಕ್ ಮಾಡಿದ್ದೆ.”

ಅವನ ದನಿ ಒಡೆಯಿತು. ಅರ್ಪಿತ ತನ್ನನ್ನೇ ಕೇಳಿಕೊಂಡಳು. ಅಯ್ಯೋ... ನಾನೇ ಕೈಯಾರೆ ಹಾಳು ಮಾಡ್ಕೊಂಡ್ನಾ?

ಆದರೂ ಸಿಟ್ಟು ಇಳಿಯಲಿಲ್ಲ. ಅವನ ತೋಳಿಗೊಂದು ಗುದ್ದಿದಳು.

“ಅಳ್ತಿದ್ರೆ ಅಳ್ತಿದೀನಿ ಅಂತ ಬರಿಯಕ್ಕೆ ಏನಾಗಿತ್ತು ನಿಂಗೆ ದಾಡಿ?”

“ತಪ್ಪಾಯ್ತು ಕಣೇ. ನೀನಿಲ್ದೆ ನನ್ ಕೈಲಾಗಲ್ಲ.”

ಅವಳು ಅಲ್ಲೇ ಅಪ್ಪನಿಗೆ ಫೋನು ಹಚ್ಚಿದಳು.

“ಅಪ್ಪಾ... ಬಯ್ಯದಾದ್ರೆ ಮನೇಗ್ ಬಂದ್ಮೇಲೆ ಬಯ್ಯಿ. ನಂಗೆ ಯತೀಶನೇ ಬೇಕು.”

ಆ ಕಡೆಯಿಂದ ಶಿವರಾಮು ಗುಡುಗಿದರು. “ನಿಮ್ಮಿಬ್ರಿಗೂ ತಲೆ ಕೆಟ್ಟೈತೆ! ನಾಳೆ ಅವ್ರ ಅಪ್ಪ ಅಮ್ಮನ್ನ ಕರ್ಕಂಡು ಬರಾಕೇಳು.”

ಫೋನಿಟ್ಟ ಅರ್ಪಿತ ಕಣ್ಣೊರೆಸಿಕೊಂಡಳು.

“ಕ್ವಾಪ ಓಯ್ತಾ?” ಅವನು ಮೆಲ್ಲಗೆ ಕೇಳಿದ.

“ಇಲ್ಲ... ಊಟ ಮಾಡ್ದಾ?”

“ಮೊನ್ನೆಯಿಂದ ಅನ್ನ ಸೇರ್ತಿಲ್ಲ.”

“ನಂಗೂ ಅಷ್ಟೇಯ. ನಡಿ, ಮೊದ್ಲು ಉಣ್ಣಾನ. ಬಯ್ಯದು ಇನ್ನೂ ಬೇಕಾದಷ್ಟೈತೆ!”