ಬೆಳೆಯುವ ಪುಸ್ತಕ

ಹುಲಿಗೆವ್ವ ಪುಸ್ತಕವನ್ನು ಓದುತ್ತಿದ್ದಳು. ಪುಸ್ತಕವೂ ಅವಳನ್ನು ಓದುತ್ತಿತ್ತು. ಕಾಗದದಷ್ಟು ತೆಳುವಾದ ಪರದೆ, ಅದರ ಮೇಲಂಚಿನಲ್ಲಿ ಸಾಸಿವೆ ಕಾಳಿನಷ್ಟು ಕ್ಯಾಮೆರಾ. ಓದುವವರ ಕಣ್ಣು ಯಾವ ಸಾಲಿನಲ್ಲಿ ನಿಂತಿತು, ಎಲ್ಲಿ ಜಾರಿತು ಎಂಬುದನ್ನೆಲ್ಲ ಅದು ಗುರುತಿಟ್ಟುಕೊಳ್ಳುತ್ತಿತ್ತು. ಸಾವಿರಾರು ಓದುಗರ ಗುರುತುಗಳನ್ನು ಒಟ್ಟುಗೂಡಿಸಿ, ಬೇಸರ ತಂದ ಸಾಲುಗಳನ್ನು ಮೊಟಕುಗೊಳಿಸಿ, ಮರುದಿನ ಹೊಸ ಪುಟ ಕೊಡುತ್ತಿತ್ತು. ಪ್ರಕಾಶಕರಿಲ್ಲ, ಸಂಪಾದಕರಿಲ್ಲ. ಲೇಖಕರು ಬರೆದಷ್ಟನ್ನು ಬರೆದಂತೆಯೇ ತಾವೇ ಪ್ರಕಟಿಸುವುದು, ಓದುಗರ ಕಣ್ಣು ಹೋದಂತೆ ಅದು ತನ್ನನ್ನು ತಾನೇ ತಿದ್ದಿಕೊಳ್ಳುತ್ತ ಹೋಗುವುದು. ಪ್ರಭಂಜನ ಕಟ್ಟಿ ಕಂಡುಹಿಡಿದ ಈ ‘ಬೆಳೆಯುವ ಪುಸ್ತಕ’ದಿಂದಾಗಿ, 2060ರ ಹೊತ್ತಿಗೆ ಮುಗಿದ ಪುಸ್ತಕ ಎಂಬುದೇ ಅಪರೂಪವಾಗಿತ್ತು.

ಹಿರೇಕಲ್ಲೂರಿನ ಶ್ವಾಸಕೋಶ ವೈದ್ಯೆ ವಿಶಾಲಾಕ್ಷಿ ಹೂಲಗೇರಿಯೂ ತನ್ನ ಪುಸ್ತಕವನ್ನು ಹೀಗೆಯೇ ಬರೆಯುತ್ತಿದ್ದಳು. ಹುಲಿಗೆವ್ವ ಓದುತ್ತಿದ್ದುದು ಅದನ್ನೇ. ಊರಿನ ಕಾರ್ಖಾನೆಗಳಲ್ಲಿ ಗ್ರಾನೈಟ್ ಕೊಯ್ಯುವಾಗ ಏಳುವ ಪುಡಿ ಶ್ವಾಸಕೋಶದಲ್ಲಿ ಕೂತು, ಅಲ್ಲಿ ಗಾಯ ಮಾಡಿ, ಕೊನೆಗೆ ಉಸಿರನ್ನೇ ಕಟ್ಟಿಬಿಡುತ್ತದೆ. ಸಿಲಿಕೋಸಿಸ್ ಎಂಬ ಈ ಕಾಯಿಲೆಯನ್ನು ವಾಸಿ ಮಾಡುವ ಔಷಧ ಇನ್ನೂ ಸಿಕ್ಕಿರಲಿಲ್ಲ. ಕೊಯ್ಯುವಾಗ ಕಲ್ಲಿನ ಮೇಲೆ ನೀರು ಬಿಟ್ಟು ಪುಡಿ ಏಳದಂತೆ ಮಾಡುವುದೊಂದೇ ದಾರಿ. ಈ ಕಾಯಿಲೆಯಿಂದ ಸತ್ತವರ ಹೆಸರು, ವಯಸ್ಸು, ದುಡಿದ ಕಾರ್ಖಾನೆ ಎಲ್ಲವನ್ನೂ ಅವಳು ಐದನೆಯ ಅಧ್ಯಾಯದಲ್ಲಿ ಬರೆದಿದ್ದಳು.

ಒಂದು ಬೆಳಿಗ್ಗೆ ಹುಲಿಗೆವ್ವ ಆಸ್ಪತ್ರೆಗೆ ನುಗ್ಗಿ, ಪರದೆಯನ್ನು ವೈದ್ಯೆಯ ಮೇಜಿನ ಮೇಲೆ ಕುಕ್ಕಿದಳು.

“ನಿನ್ನಿ ತನಕಾ ನನ್ನ ಗಂಡನ ಹೆಸರು ಇಲ್ಲೇ ಇತ್ತು. ಇವತ್ತ ಎಲ್ಲಿ ಹೋತು? ಯಾರ ಅಳಿಸ್ಯಾರ ಹೇಳ್ರಿ!”

ವಿಶಾಲಾಕ್ಷಿ ನೋಡಿದಳು. ಇಡೀ ಅಧ್ಯಾಯ ಒಂದು ಸಾಲಿಗೆ ಇಳಿದಿತ್ತು: ‘ಕೆಲವು ಕಾರ್ಮಿಕರಿಗೆ ಉಸಿರಾಟದ ತೊಂದರೆ ಕಾಣಿಸಿಕೊಂಡದ್ದುಂಟು.’ ಅವಳ ಮೈಯೆಲ್ಲ ಉರಿದುಹೋಯಿತು. ವಾಕ್ಯ ತಿದ್ದಲು ಅವಳು ಒಪ್ಪಿಗೆ ಕೊಟ್ಟಿದ್ದಳು. ಸತ್ತವರನ್ನು ಅಳಿಸಲು ಅಲ್ಲ. ಮೂರನೆಯ ದಿನ ಇನ್ನೊಂದು ಸುದ್ದಿ ಬಂತು. ನೀರು ಬಿಡದೆಯೇ ಕಲ್ಲು ಕೊಯ್ಯಲು ಜಿಲ್ಲಾ ಸಮಿತಿ ಅನುಮತಿ ಕೊಟ್ಟಿತ್ತು. ಅದಕ್ಕೆ ಆಧಾರವಾಗಿ ತೋರಿಸಿದ್ದು ಅವಳದೇ ಪುಸ್ತಕದ ಆ ಸಾಲನ್ನು.

ಅವಳು ಫೋನಿನಲ್ಲಿ ಹರಿಹಾಯ್ದ ಮೇಲೆ ಪ್ರಭಂಜನ ಹುಬ್ಬಳ್ಳಿಯಿಂದ ಆಸ್ಪತ್ರೆಗೆ ಬಂದ.

“ಯಾರೂ ಬೇಕಂತ ಅಳಿಸಿಲ್ಲ ಮೇಡಂ,” ಎಂದ. “ಕಾರ್ಖಾನೆಯವ್ರ ಕೈವಾಡ ಇಲ್ಲ, ನಾನ ಪರೀಕ್ಷಾ ಮಾಡೀನಿ. ಹೆಸರುಗಳ ಹತ್ರ ಬಂದಾಗ ಓದೋರ ಕಣ್ಣು ಮುಚ್ಚ್ಯಾವ. ಕಣ್ಣು ಮುಚ್ಚಿದ್ರ ಬ್ಯಾಸರಾ ಅಂತ ಯಂತ್ರ ತಿಳಕೊಳ್ತದ. ಇಲ್ಲಿ ನೋಡ್ರಿ, ಈ ಊರಿನವ್ರೇ ಒಬ್ರು. ಯಮನೂರಪ್ಪ ಅನ್ನೋ ಹೆಸರ ಬಂತಂದ್ರ ದಿನಾ ಕಣ್ಣು ಮುಚ್ಚ್ಯಾರ.”

ಮೂಲೆಯಲ್ಲಿ ಕೂತಿದ್ದ ಹುಲಿಗೆವ್ವ ಎದ್ದು ನಿಂತಳು.

“ಅದು ನಾನು,” ಎಂದಳು. “ನನ್ನ ಗಂಡನ ಹೆಸರದು. ನಾ ಅಳಾಕತ್ತಿದ್ನೋ ಯಪ್ಪಾ. ಅದಕ್ಕ ಬ್ಯಾಸರಾ ಅಂತಾರೇನು?”

ಪ್ರಭಂಜನನ ಮುಖ ಇಳಿಯಿತು. “ಅಳೋದನ್ನ ಗುರುತು ಹಿಡಿಯೂಹಂಗ ಯಂತ್ರಕ್ಕ ಕಲಿಸಬಹುದು,” ಎಂದ.

“ಕಲಿಸಿ?” ವಿಶಾಲಾಕ್ಷಿ ಕೂಗಿಯೇಬಿಟ್ಟಳು. “ಎಷ್ಟು ಅತ್ರ ಒಂದು ಹೆಸರು ಉಳೀತದ ಅಂತ ಲೆಕ್ಕಾ ಹಾಕ್ತೀರೇನು? ಅಳಾಕ ಯಾರೂ ಇಲ್ಲದವ್ರ ಹೆಸರು ಹೋಗ್ಲೇನು? ಓದೋರು ಒಲ್ಲೆ ಅಂದ್ರ ಎದಿಯೊಳಗಿನ ಕಲ್ಲಿನ ಪುಡಿ ಕರಗತದೇನ್ರಿ? ನನ್ನ ಪುಸ್ತಕಾ ಬಿಟ್ಟುಬಿಡ್ರಿ!”

ಅವನು ಅವಳು ಬರೆದಿದ್ದ ಮೊದಲಿನ ಪಾಠವನ್ನು ತಿರುಗಿ ಹಾಕಿ, ಪುಸ್ತಕದಿಂದ ತಿದ್ದುವ ಯಂತ್ರವನ್ನು ಕಳಚಿದ. ಹೆಸರುಗಳು ಮರಳಿದವು, ಓದುಗರಲ್ಲಿ ಮುಕ್ಕಾಲು ಪಾಲು ಮಂದಿ ಬಿಟ್ಟುಹೋದರು.

ವಿಶಾಲಾಕ್ಷಿಯ ತಕರಾರಿನ ಮೇರೆಗೆ ಸಮಿತಿ ಹಿರೇಕಲ್ಲೂರಿನ ಪಂಚಾಯಿತಿ ಕಚೇರಿಯಲ್ಲೇ ಸಭೆ ಸೇರಿತು. ಅವಳು ಐದನೆಯ ಅಧ್ಯಾಯವನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ತಂದಿದ್ದಳು. ಅವಳೊಡನೆ ಹುಲಿಗೆವ್ವನೂ ಗಂಡನನ್ನು ಕಳೆದುಕೊಂಡ ಇತರ ಹೆಂಗಸರೂ ಬಂದಿದ್ದರು.

“ಇದು ಹಳೇ ಪಾಠ ಅಲ್ರೀ? ಓದುಗರು ಒಪ್ಪಿದ್ದು ಹೊಸಾದು,” ಎನ್ನುತ್ತ ಸಮಿತಿಯ ಅಧ್ಯಕ್ಷರು ಹಾಳೆಗಳನ್ನು ಸರಸರನೆ ತಿರುವಿದರು. “ಸಾರಾಂಶ ಎಲ್ಲೈತಿ?”

“ನನ್ನ ಗಂಡ ಸತ್ತದ್ದಕ್ಕ ಸಾರಾಂಶ ಇಲ್ರಿ,” ಎಂದಳು ಹುಲಿಗೆವ್ವ. “ಬಾಯಿಬಿಟ್ಟು ಓದ್ರಿ. ನಾವೂ ಕೇಳ್ತೀವಿ.”

ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಓದತೊಡಗಿದರು. ನಾಲ್ಕನೆಯ ಹೆಸರಿಗೆ ಬರುವಷ್ಟರಲ್ಲಿ ಪಕ್ಕದ ಕಾರ್ಖಾನೆಯ ಗರಗಸಗಳು ಕಿರುಚತೊಡಗಿದವು. ನೀರಿಲ್ಲದೆ ಕೊಯ್ಯುತ್ತಿದ್ದ ಕಲ್ಲಿನ ಬೂದು ಪುಡಿ ಕಿಟಕಿಯಿಂದ ಒಳಬಂದು, ಅವರ ಕೈಯ ಹಾಳೆಯ ಮೇಲೆ ಕೂತಿತು. ಅವರು ಕೆಮ್ಮಿದರು. ಮತ್ತೆ ಕೆಮ್ಮಿದರು. ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು, ಕಿಟಕಿ ಹಾಕುವಂತೆ ಜವಾನನಿಗೆ ಸನ್ನೆ ಮಾಡಿದರು.

ಅವನು ಏಳುವ ಮೊದಲೇ ಹುಲಿಗೆವ್ವ ಹೋಗಿ ಕಿಟಕಿಗೆ ಅಡ್ಡ ನಿಂತಳು.

“ತೆರದೇ ಇರ್ಲಿ, ಸಾಹೇಬ್ರ,” ಎಂದಳು. “ಮುಂದ ಓದ್ರಿ.”